ಬಿರಹಿಯಿಂದ ರೈಣಿಯವರೆಗೆ

ಬದರಿಗೆ ಹೋಗಿ ಬಂದವರನ್ನು ನಮ್ಮ ಕಡೆ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಬಗೆಯವು. ದರ್ಶನ ಚೆನ್ನಾಗಿ ಆಯಿತೇ, ಚಳಿ ತಡೆದುಕೊಂಡಿರಾ, ತಪ್ತಕುಂಡದಲ್ಲಿ ಸ್ನಾನ ಮಾಡಿದಿರಾ, ಬ್ರಹ್ಮಕಪಾಲದಲ್ಲಿ ಪಿಂಡ ಇಟ್ಟಿರಾ, ಮಾಣಾದ ವ್ಯಾಸಗುಹೆಗೆ ಹೋದಿರಾ? ಮಧ್ವಾಚಾರ್ಯರು ವೇದವ್ಯಾಸರನ್ನು ಕಾಣಲು ಹೋದ ಜಾಗ ಅದೇ ಎಂದು ನಂಬಿರುವ ನಮ್ಮಂಥ ಮನೆಗಳಲ್ಲಿ ಈ ಕೊನೆಯ ಪ್ರಶ್ನೆಗೆ ತೂಕ ಇನ್ನೂ ಹೆಚ್ಚು. ಅಮ್ಮನನ್ನು ಕರೆದುಕೊಂಡು ಹೋಗಿ ಬಂದ ಮೇಲೆ ನಮ್ಮ ಮನೆಗೂ ಬಂಧುಗಳು ಬಂದರು, ಪ್ರಸಾದ ಕಣ್ಣಿಗೊತ್ತಿಕೊಂಡರು, ಗಂಗೆಯ ಗಿಂಡಿ ತೆಗೆದುಕೊಂಡು ಹೋದರು. ಅಮ್ಮ ಎಲ್ಲರಿಗೂ ಸಂಭ್ರಮದಿಂದ ವಿವರಿಸಿದರು. ಆದರೆ ದೇವಸ್ಥಾನ ಇರುವ ಜಿಲ್ಲೆಯ ಬಗ್ಗೆ, ಅಲ್ಲಿನ ಜನ ಹೇಗಿದ್ದಾರೆ ಎಂಬುದರ ಬಗ್ಗೆ ಒಬ್ಬರೂ ಕೇಳಲಿಲ್ಲ. ಅದು ನನ್ನನ್ನು ಕಾಡುತ್ತಲೇ ಇದೆ.

ಬದರಿ ಇರುವ ಉತ್ತರಾಖಂಡದ ಚಮೋಲಿ ಸಣ್ಣ ಜಿಲ್ಲೆಯಲ್ಲ. ವಿಸ್ತೀರ್ಣ ಸುಮಾರು 8,000 ಚದರ ಕಿಲೋಮೀಟರ್, ಅಂದರೆ ನಮ್ಮ ಶಿವಮೊಗ್ಗಕ್ಕಿಂತ ತುಸುವೇ ಕಡಿಮೆ. ಜನಸಂಖ್ಯೆ ಮಾತ್ರ ಶಿವಮೊಗ್ಗದ ಕಾಲುಭಾಗವೂ ಇಲ್ಲ. 2011ರ ಜನಗಣತಿಯಂತೆ 3.91 ಲಕ್ಷ. ಉಳಿದದ್ದೆಲ್ಲ ಹಿಮ, ಬಂಡೆ, ಕಾಡು ಮತ್ತು ಬುಗ್ಯಾಲ್ ಎಂದು ಅಲ್ಲಿಯವರು ಕರೆಯುವ ಎತ್ತರದ ಹುಲ್ಲುಗಾವಲು. 1960ರಲ್ಲಿ, ಟಿಬೆಟ್ ಗಡಿಯ ಆತಂಕ ಹೆಚ್ಚುತ್ತಿದ್ದ ದಿನಗಳಲ್ಲಿ, ಪೌಡಿ ಗಢವಾಲದಿಂದ ಬೇರ್ಪಡಿಸಿ ಇದನ್ನು ಜಿಲ್ಲೆ ಮಾಡಿದರು. ಅಲಕನಂದಾ ನದಿ ಇದರ ಬೆನ್ನೆಲುಬು. ಧೌಲಿಗಂಗಾ, ನಂದಾಕಿನಿ, ಪಿಂಡರ್ ನದಿಗಳು ಒಂದೊಂದಾಗಿ ಬಂದು ಅದನ್ನು ಕೂಡುವ ವಿಷ್ಣುಪ್ರಯಾಗ, ನಂದಪ್ರಯಾಗ, ಕರ್ಣಪ್ರಯಾಗ ಮೂರೂ ಈ ಜಿಲ್ಲೆಯೊಳಗಿವೆ. ಪಂಚಪ್ರಯಾಗಗಳಲ್ಲಿ ಮೂರು ಎಂದು ಯಾತ್ರೆಯ ಕರಪತ್ರಗಳು ಹೇಳುತ್ತವೆ. ಆ ಪ್ರಯಾಗಗಳ ನೀರು ಯಾವಾಗ ಎಷ್ಟು ಏರಿತ್ತು, ಏರುವ ಮುನ್ನ ಯಾರು ಯಾರಿಗೆ ಹೇಳಿದ್ದರು ಎಂಬುದನ್ನು ಹೇಳುವುದಿಲ್ಲ. ನಾನು ಬರೆಯಬೇಕೆಂದಿರುವುದು ಅದನ್ನು.

ಹರಿದ್ವಾರದವರೆಗೆ ಎಳೆದ ತಂತಿ

ಚಮೋಲಿ ಪಟ್ಟಣ ದಾಟಿ ಪೀಪಲ್‌ಕೋಟಿಯ ಕಡೆಗೆ ಹೋಗುವಾಗ ಬಿರಹಿ ಎಂಬ ಊರು ಸಿಗುತ್ತದೆ. ಬಿರಹಿ ಗಂಗಾ ಅಲ್ಲಿ ಅಲಕನಂದೆಯನ್ನು ಸೇರುತ್ತದೆ. ಯಾತ್ರೆಯ ಬಸ್ಸುಗಳು ಅಲ್ಲಿ ನಿಲ್ಲುವುದಿಲ್ಲ. ನಮ್ಮ ಗಾಡಿ ನಿಂತದ್ದು ಮುಂದೆ ಎಲ್ಲೋ ಗುಡ್ಡ ಜಾರಿ ರಸ್ತೆ ಕಟ್ಟಿದ್ದರಿಂದ. ಜೆಸಿಬಿ ಬಂದು ಮಣ್ಣು ತೆಗೆಯುವ ತನಕ ಕಾಯಬೇಕಿತ್ತು. ಅಮ್ಮ ಸೀಟಿನಲ್ಲಿ ಕೂತೇ ಸಹಸ್ರನಾಮ ಹೇಳಿಕೊಳ್ಳುತ್ತಿದ್ದರು. ನಾನು ಚಹಾದಂಗಡಿಯ ಬೆಂಚಿನಲ್ಲಿ ಕೂತೆ. ಉಣ್ಣೆಯ ಟೋಪಿ ಹಾಕಿದ್ದ ವೃದ್ಧರೊಬ್ಬರು ಪಕ್ಕದಲ್ಲಿ ಬೀಡಿ ಸೇದುತ್ತಿದ್ದರು. ಈ ರಸ್ತೆ ಯಾವಾಗಲೂ ಹೀಗೆಯೇ ಕುಸಿಯುತ್ತದೆಯೇ ಎಂದು ಕೇಳಿದೆ. ಅವರು ನೇರವಾಗಿ ಉತ್ತರಿಸದೆ, ಬಿರಹಿಯ ಕಣಿವೆಯತ್ತ ಗದ್ದ ಎತ್ತಿ ತೋರಿಸಿ, "ಅಲ್ಲಿ ಒಳಗೆ ಒಂದು ತಾಲ್ ಇತ್ತು ಬೇಟಾ, ಇಂಗ್ಲಿಷರ ಕಾಲದ್ದು. ನಮ್ಮ ಅಜ್ಜ ಅದರ ಕಥೆ ಹೇಳುತ್ತಿದ್ದರು" ಎಂದರು. ಅವರು ಹೇಳಿದ ಕಥೆ ದಾಖಲೆಗಳಲ್ಲಿಯೂ ಇದೆ ಎಂದು ನನಗೆ ತಿಳಿದದ್ದು ಊರಿಗೆ ಬಂದು ಓದಿದ ಮೇಲೆ.

1893ರ ಸೆಪ್ಟೆಂಬರಿನಲ್ಲಿ ಗೋಹ್ನಾ ಎಂಬ ಹಳ್ಳಿಯ ಬಳಿ ಬೆಟ್ಟದ ಒಂದು ಪಾರ್ಶ್ವವೇ ಕುಸಿದು ಬಿರಹಿ ಗಂಗೆಗೆ ಅಡ್ಡ ಬಿತ್ತು. ಸುಮಾರು 900 ಅಡಿ ಎತ್ತರದ ಮಣ್ಣುಕಲ್ಲಿನ ಕಟ್ಟೆ. ಅದರ ಹಿಂದೆ ನೀರು ನಿಂತು ಕೆರೆಯಾಗುತ್ತಾ ಹೋಯಿತು. ಒಂದಲ್ಲ ಒಂದು ದಿನ ಅದು ಒಡೆಯುವುದು ಖಚಿತವಿತ್ತು. ಸ್ಥಳಕ್ಕೆ ಬಂದು ಪರಿಶೀಲಿಸಿದ ಎಂಜಿನಿಯರ್ ಪುಲ್ಫರ್ಡ್, ನೀರು ಏರುವ ಗತಿಯನ್ನು ಲೆಕ್ಕ ಹಾಕಿ, ಮುಂದಿನ ವರ್ಷ ಆಗಸ್ಟ್ ಮಧ್ಯದ ಹೊತ್ತಿಗೆ ಕಟ್ಟೆಯ ಮೇಲೆ ನೀರು ಹರಿಯುತ್ತದೆ ಎಂದು ಹೇಳಿದರು. ಅಷ್ಟು ಹೇಳಿ ಸುಮ್ಮನಾಗಲಿಲ್ಲ. ಗೋಹ್ನಾದಿಂದ ಹರಿದ್ವಾರದವರೆಗೆ ತಂತಿಮಾರ್ಗ ಎಳೆಯಲಾಯಿತು. ಕೆರೆಯನ್ನು ಕಾಯಲು ಒಬ್ಬ ಅಧಿಕಾರಿಯನ್ನು ಅಲ್ಲೇ ಇರಿಸಲಾಯಿತು. ಕಣಿವೆಯುದ್ದಕ್ಕೂ ಕಂಬ ನೆಟ್ಟು, ಇದಕ್ಕಿಂತ ಕೆಳಗೆ ಯಾರೂ ಇರಬಾರದು ಎಂದು ಗುರುತು ಮಾಡಿದರು. ತೂಗುಸೇತುವೆಗಳನ್ನು ಬಿಚ್ಚಿ ತೆಗೆದಿಟ್ಟರು. 1894ರ ಆಗಸ್ಟ್ 25ರ ರಾತ್ರಿ ಕಟ್ಟೆ ಒಡೆಯಿತು. ಕೆಳಗಿನ ಶ್ರೀನಗರ ಪಟ್ಟಣ, ಗಢವಾಲದ ಹಳೆಯ ರಾಜಧಾನಿ, ಕೊಚ್ಚಿಹೋಯಿತು. ಸತ್ತವರು ಐವರು. ಬಲವಂತವಾಗಿ ಮೇಲಕ್ಕೆ ಕಳಿಸಿದ್ದರೂ ಮರಳಿ ಕೆಳಗೆ ಬಂದಿದ್ದ ಒಬ್ಬ ಫಕೀರ ಮತ್ತು ಅವನ ಮನೆಯವರು.

ಇದನ್ನು ಬ್ರಿಟಿಷರ ದಯೆಯ ಕಥೆ ಎಂದು ನಾನು ಹೇಳುತ್ತಿಲ್ಲ. ಹರಿದ್ವಾರದಲ್ಲಿ ಶುರುವಾಗುವ ಗಂಗಾ ಕಾಲುವೆಯನ್ನು ಉಳಿಸಿಕೊಳ್ಳುವ ಚಿಂತೆಯೂ ಅವರಿಗಿತ್ತು, ಹಿಮಾಲಯದ ಕಾಡು ಕಡಿದು ರೈಲುಹಳಿಗೆ ದಿಮ್ಮಿ ಹಾಸಿದವರೂ ಅವರೇ. ಆದರೂ ಆ ಐವರ ಸಂಖ್ಯೆ ನನ್ನನ್ನು ಬಿಡುವುದಿಲ್ಲ. ಮೊಬೈಲ್ ಇಲ್ಲ, ಉಪಗ್ರಹ ಇಲ್ಲ, ಮೋಟಾರು ರಸ್ತೆಯೂ ಇಲ್ಲದ ಕಾಲದಲ್ಲಿ, ಒಂದು ಪಟ್ಟಣವೇ ತೊಳೆದುಹೋದ ಪ್ರವಾಹದಲ್ಲಿ ಸತ್ತವರು ಐವರು. ಬೆಟ್ಟ ಹೇಳಿದ್ದನ್ನು ಕೇಳಿಸಿಕೊಂಡವರು ಇದ್ದರು, ಕೇಳಿಸಿಕೊಂಡದ್ದನ್ನು ಕೆಳಗಿನವರಿಗೆ ಮುಟ್ಟಿಸುವ ತಂತಿ ಇತ್ತು.

ಒಡೆದ ಮೇಲೂ ಗೋಹ್ನಾದಲ್ಲಿ ಒಂದಷ್ಟು ಕೆರೆ ಉಳಿದಿತ್ತು. 1970ರ ಜುಲೈ 20ರಂದು ಸುರಿದ ಮಳೆಗೆ ಅದೂ ಹೋಯಿತು. ಆಗ ಯಾವ ತಂತಿಯೂ ಇರಲಿಲ್ಲ. ಬೇಲಾಕೂಚಿ ಎಂಬ ರಸ್ತೆ ಬದಿಯ ಊರು ಬಸ್ಸುಗಳ ಸಮೇತ ನೀರುಪಾಲಾಯಿತು. ದೂರದ ಹರಿದ್ವಾರದಲ್ಲಿ ಕಾಲುವೆ ಹೂಳಿನಿಂದ ಮುಚ್ಚಿಹೋಯಿತು.

ಗೌರಾದೇವಿಯ ಊರು

ಆ ಪ್ರವಾಹದಲ್ಲಿ ಪರಿಹಾರ ಕೆಲಸಕ್ಕೆ ಇಳಿದವರಲ್ಲಿ ಗೋಪೇಶ್ವರದ ದಶೋಲಿ ಗ್ರಾಮ ಸ್ವರಾಜ್ಯ ಸಂಘದ ತರುಣರೂ ಇದ್ದರು. ಚಂಡಿಪ್ರಸಾದ್ ಭಟ್ಟರು ಕಟ್ಟಿದ ಸರ್ವೋದಯ ಸಂಸ್ಥೆ ಅದು. ಹಳ್ಳಿಯಿಂದ ಹಳ್ಳಿಗೆ ನಡೆದು ಹೋಗುವಾಗ, ಮೇಲಿನ ಕಾಡು ಬೋಳಾದ ಕಡೆಯೇ ಗುಡ್ಡ ಹೆಚ್ಚು ಜಾರಿರುವುದನ್ನು ಅವರು ಕಂಡರು. ಮೂರು ವರ್ಷಗಳ ನಂತರ, 1973ರ ಏಪ್ರಿಲ್‌ನಲ್ಲಿ, ಗೋಪೇಶ್ವರದ ಮೇಲಿನ ಮಂಡಲ್ ಹಳ್ಳಿಯಲ್ಲಿ, ಮರಗಳನ್ನು ಅಪ್ಪಿಕೊಂಡು ಉಳಿಸುವ ಚಿಪ್ಕೊ ಚಳವಳಿ ಮೊದಲಾಯಿತು. ನೇಗಿಲು ನೊಗಕ್ಕೆಂದು ಊರಿನವರು ಕೇಳಿದ್ದ ಅಂಗು ಮರವನ್ನು ಅವರಿಗೆ ಕೊಡದೆ, ಅಲಹಾಬಾದಿನ ಕ್ರೀಡಾ ಸಾಮಗ್ರಿ ಕಂಪನಿಯೊಂದಕ್ಕೆ ಕೊಟ್ಟಿದ್ದರು. ಜನ ಮರ ಕಡಿಯಲು ಬಿಡಲಿಲ್ಲ.

ಅದೇ ಚಳವಳಿಯ ಇನ್ನೊಂದು ಊರು ರೈಣಿ. ಅದು ಇರುವುದು ಬದರಿಯ ದಾರಿಯಲ್ಲಲ್ಲ. ಜೋಶಿಮಠದಲ್ಲಿ ಬಲಕ್ಕೆ ತಿರುಗಿ ಧೌಲಿಗಂಗೆಯ ದಂಡೆ ಹಿಡಿದು ನೀತಿ ಕಣಿವೆಯತ್ತ ಹೋಗಬೇಕು. ತಪೋವನದ ಬಿಸಿನೀರಿನ ಬುಗ್ಗೆ ದಾಟಿದ ಮೇಲೆ, ನಂದಾದೇವಿಯ ಹಿಮದಿಂದ ಇಳಿಯುವ ಋಷಿಗಂಗೆ ಧೌಲಿಯನ್ನು ಕೂಡುವಲ್ಲಿ ಊರು. ಅಲ್ಲಿ ಭೋಟಿಯಾ ಜನ ಹೆಚ್ಚು. 1962ರವರೆಗೂ ಈ ಕಣಿವೆಯ ಭೋಟಿಯಾಗಳು ಕುರಿ, ಆಡುಗಳ ಬೆನ್ನಿಗೆ ಧಾನ್ಯ ಹೇರಿ ಕಣಿವೆಯ ತುದಿಯ ಘಟ್ಟ ದಾಟಿ ಟಿಬೆಟ್ಟಿಗೆ ಹೋಗಿ ಉಪ್ಪು, ಉಣ್ಣೆ ತರುತ್ತಿದ್ದರು. ಯುದ್ಧ ಆ ಬದುಕನ್ನು ಒಮ್ಮೆಗೇ ನಿಲ್ಲಿಸಿತು. ಉಳಿದದ್ದು ಕಾಡು ಮತ್ತು ತುಂಡು ಹೊಲ. 1974ರ ಮಾರ್ಚ್ 26ರಂದು, ಸೈನ್ಯಕ್ಕೆ ಹೋದ ಜಮೀನಿನ ಪರಿಹಾರ ಕೊಡುತ್ತೇವೆಂದು ಗಂಡಸರನ್ನೆಲ್ಲ ಚಮೋಲಿಗೆ ಕರೆಸಿಕೊಂಡ ದಿನವೇ ಗುತ್ತಿಗೆದಾರನ ಆಳುಗಳು ಕೊಡಲಿ ಹಿಡಿದು ಮೇಲೆ ಹತ್ತಿದರು. ನೋಡಿದ ಹುಡುಗಿಯೊಬ್ಬಳು ಓಡಿಬಂದು ಮಹಿಳಾ ಮಂಗಳ ದಳದ ಮುಖ್ಯಸ್ಥೆ ಗೌರಾದೇವಿಗೆ ಸುದ್ದಿ ಮುಟ್ಟಿಸಿದಳು. ಇಪ್ಪತ್ತೇಳು ಹೆಂಗಸರು ಮಕ್ಕಳೊಂದಿಗೆ ಹೋಗಿ ಅಡ್ಡ ನಿಂತರು. ಈ ಕಾಡು ನಮ್ಮ ತವರುಮನೆ, ಇದನ್ನು ಕಡಿದರೆ ಗುಡ್ಡ ನಮ್ಮ ಹೊಲಮನೆಗಳ ಮೇಲೆ ಬರುತ್ತದೆ ಎಂದು ಗೌರಾದೇವಿ ಹೇಳಿದರು. ಆಳುಗಳು ಇಳಿದು ಹೋದರು. ಸರ್ಕಾರ ಸಮಿತಿ ನೇಮಿಸಿತು, ಅದರ ವರದಿಯ ಮೇಲೆ ಆ ಜಲಾನಯನದಲ್ಲಿ ಹತ್ತು ವರ್ಷ ವಾಣಿಜ್ಯ ಕಡಿತಲೆ ನಿಂತಿತು. ಇದೇ ಅಲೆ 1983ರ ಸೆಪ್ಟೆಂಬರಿನಲ್ಲಿ ನಮ್ಮ ಶಿರಸಿಯ ಸಲ್ಕಣಿಗೆ ಬಂದು ಅಪ್ಪಿಕೊ ಆಯಿತು. ಪಾಂಡುರಂಗ ಹೆಗಡೆಯವರು ಚಿಪ್ಕೊದಲ್ಲಿ ದುಡಿದು ಬಂದವರು. ಆದ್ದರಿಂದ ರೈಣಿ ಕನ್ನಡಿಗರಿಗೆ ಪರಸ್ಥಳವಲ್ಲ ಎಂದು ನಾನು ತಿಳಿದಿದ್ದೇನೆ.

ಜೋಶಿಮಠದಿಂದ ಬಾಡಿಗೆ ಜೀಪಿನಲ್ಲಿ ರೈಣಿಗೆ ಹೋಗೋಣ ಎಂದಾಗ ಅಮ್ಮ, "ಅಲ್ಲಿ ಯಾವ ದೇವಸ್ಥಾನ?" ಎಂದು ಕೇಳಿದರು. ಹೆಂಗಸರು ಕಾಡು ಉಳಿಸಿದ ಊರು ಎಂದೆ. "ಹಾಗಾದರೆ ನಡಿ" ಎಂದರು. ಮೇಲಿನ ಕೇರಿಯಲ್ಲಿ ಒಂದು ಮನೆಯ ಅಂಗಳದಲ್ಲಿ ನಮ್ಮನ್ನು ಕೂರಿಸಿದರು. ಮನೆಯ ಹೆಂಗಸು ಹುಲ್ಲಿನ ಹೊರೆ ಇಳಿಸಿ, ಕೈತೊಳೆದುಕೊಂಡು ಬಂದು, ತಟ್ಟೆಯಲ್ಲಿ ಕಪ್ಪನೆಯ ದಪ್ಪ ರೊಟ್ಟಿ, ಅದರ ಮೇಲೆ ತುಪ್ಪ, ಪಕ್ಕದಲ್ಲಿ ಬಟ್ಟಲು ತುಂಬ ಬೇಳೆ ತಂದಿಟ್ಟರು. ಅಮ್ಮ ಒಂದು ಚೂರು ಮುರಿದು ಬಾಯಿಗಿಟ್ಟುಕೊಂಡು ನನ್ನ ಮುಖ ನೋಡಿದರು. "ಇದು ರಾಗಿ ಕಣೋ!" ಬೇಳೆಯನ್ನೂ ಬೆರಳಿನಲ್ಲಿ ಹಿಸುಕಿ ನೋಡಿ, "ಇದು ಹುರುಳಿ" ಎಂದರು. ಅವರಿಗೆ ಮಂಡುವಾ, ಗಹತ್. ನಮಗೆ ರಾಗಿ, ಹುರುಳಿ. ಅಲ್ಲಿಂದ ಅವರಿಬ್ಬರಿಗೂ ನಡುವೆ ನನ್ನ ಹಿಂದಿ ಬೇಕಾಗಲಿಲ್ಲ. ಅಮ್ಮ ಕೈಯಲ್ಲಿ ಮುದ್ದೆ ಕಟ್ಟುವುದನ್ನು ತೋರಿಸಿದರು, ಆಕೆ "ಮಾತಾಜಿ, ಬಾಡಿ!" ಎಂದು ನಕ್ಕರು. ಹಿಟ್ಟನ್ನು ಹಾಗೆಯೇ ಬೇಯಿಸಿ ತಿರುವಿ ಮಾಡುವ ಅಡುಗೆ ಅವರಲ್ಲೂ ಇದೆ.

ಊಟದ ಕೊನೆಯಲ್ಲಿ ಆಕೆ ತಾವಾಗಿಯೇ ಪ್ರವಾಹ ಬಂದ ದಿನದ ಮಾತು ತೆಗೆದರು. ಭಾನುವಾರ ಬೆಳಿಗ್ಗೆ, ಬಿಸಿಲು ಚೆನ್ನಾಗಿತ್ತು. ಕೆಳಗಿನ ಪ್ರಾಜೆಕ್ಟಿನಲ್ಲಿ ಸಿಡಿಮದ್ದು ಹಾರಿಸಿದ ಹಾಗೆ ಸದ್ದಾಯಿತು. ಆಮೇಲೆ ಸದ್ದು ನಿಲ್ಲಲೇ ಇಲ್ಲ. ಕಣಿವೆಯಿಂದ ನೀರಿಗಿಂತ ಮೊದಲು ದೂಳು ಬಂತು. ಮಕ್ಕಳನ್ನು ಎಳೆದುಕೊಂಡು ಕಾಡಿನ ಕಡೆ ಹತ್ತಿದೆವು. ರಾತ್ರಿಯೆಲ್ಲ ಅಲ್ಲೇ ಬೆಂಕಿ ಹಾಕಿಕೊಂಡು ಕೂತೆವು. ಇಷ್ಟು ಹೇಳಿ ಆಕೆ, "ನಮಗೆ ಓಡಲು ಕಾಡಿತ್ತು ಬೇಟಾ. ಕೆಳಗಿನವರಿಗೆ ಯಾರೂ ಹೇಳಲಿಲ್ಲ" ಎಂದರು.

2021ರ ಫೆಬ್ರುವರಿ 7. ರೋಂಟಿ ಶಿಖರದ ಪಾರ್ಶ್ವದಿಂದ ಬಂಡೆ ಮತ್ತು ಹಿಮದ ಭಾರೀ ಹೋಳೊಂದು, ಸುಮಾರು 2.7 ಕೋಟಿ ಘನ ಮೀಟರ್, ಕಳಚಿ ಬಿತ್ತು. ಬೀಳುವ ರಭಸಕ್ಕೆ ಹಿಮ ಕರಗಿ, ಕೆಸರು ಬಂಡೆಗಳ ಗೋಡೆಯಾಗಿ ಋಷಿಗಂಗೆಯಲ್ಲಿ ಇಳಿಯಿತು. 13.2 ಮೆಗಾವಾಟ್‌ನ ಋಷಿಗಂಗಾ ವಿದ್ಯುತ್ ಘಟಕ ಗುರುತಿಲ್ಲದಂತಾಯಿತು. ಅಲ್ಲಿಂದ ತಪೋವನದ 520 ಮೆಗಾವಾಟ್ ಜಲವಿದ್ಯುತ್ ಯೋಜನೆಗೆ ನೀರು ಮುಟ್ಟಲು ಕೆಲವು ನಿಮಿಷಗಳಿದ್ದವು. ಆ ನಿಮಿಷಗಳಲ್ಲಿ ಸುರಂಗದೊಳಗಿದ್ದವರಿಗೆ ಹೊರಗೆ ಬನ್ನಿ ಎಂದು ಹೇಳುವ ಸೈರನ್ ಇರಲಿಲ್ಲ. ಸತ್ತವರು, ಕಾಣೆಯಾದವರು ಸೇರಿ ಇನ್ನೂರಕ್ಕೂ ಹೆಚ್ಚು ಜನ. ಹೆಚ್ಚಿನವರು ಕೂಲಿಗಳು. ಆಗಿನ ಪತ್ರಿಕಾ ವರದಿಗಳಲ್ಲಿ ಒಬ್ಬ ತಾಯಿಯ ಸಂಗತಿ ಬಂದಿತ್ತು. ಎತ್ತರದ ಹಳ್ಳಿಯಿಂದ ಪ್ರವಾಹ ಬರುವುದನ್ನು ಕಂಡ ಆಕೆ, ಕೆಳಗೆ ಅಣೆಕಟ್ಟೆಯಲ್ಲಿ ಕೆಲಸದಲ್ಲಿದ್ದ ಮಗನಿಗೆ ಬಿಟ್ಟೂಬಿಡದೆ ಫೋನ್ ಮಾಡಿದರು. ಮೊದಲು ಅವನು ನಂಬಲಿಲ್ಲ. ಮತ್ತೆ ಮತ್ತೆ ಕೂಗಿಕೊಂಡಾಗ ಜೊತೆಯವರನ್ನು ಎಬ್ಬಿಸಿಕೊಂಡು ಮೆಟ್ಟಿಲು ಹತ್ತಿ ಓಡಿದ. ಇಪ್ಪತ್ತಕ್ಕೂ ಹೆಚ್ಚು ಜನ ಬದುಕಿದರು. 1894ರಲ್ಲಿ ಸರ್ಕಾರ ಎಳೆದ ತಂತಿಯ ಕೆಲಸವನ್ನು 2021ರಲ್ಲಿ ಒಬ್ಬ ತಾಯಿಯ ಫೋನ್ ಮಾಡಬೇಕಾಯಿತು. ನನಗೆ ಸಿಟ್ಟು ಬರುವುದು ಇಲ್ಲಿ.

ಕಾಡು ಕಡಿದದ್ದರಿಂದ ಆ ಶಿಖರ ಬಿತ್ತು ಎಂದು ಹೇಳಿದರೆ ಅದು ಸುಳ್ಳಾಗುತ್ತದೆ. ಮರಗಳೇ ಬೆಳೆಯದ ಎತ್ತರದಲ್ಲಿ ಬಂಡೆ ಬಿರಿದು ಬಿದ್ದದ್ದು ಅದು. 1965ರಲ್ಲಿ ಚೀನಾದ ಮೇಲೆ ಕಣ್ಣಿಡಲು ಭಾರತ ಮತ್ತು ಅಮೆರಿಕದ ತಂಡ ನಂದಾದೇವಿಗೆ ಹೊತ್ತೊಯ್ದು, ಹಿಮಗಾಳಿಗೆ ಅಲ್ಲೇ ಬಿಟ್ಟು ಬಂದು, ಮತ್ತೆಂದೂ ಸಿಗದ ಪ್ಲುಟೋನಿಯಂ ಉಪಕರಣವೇ ಸಿಡಿಯಿತು ಎಂದು ರೈಣಿಯಲ್ಲಿ ಕೆಲವರು ಸಂಶಯಪಟ್ಟರು. ವಿಜ್ಞಾನಿಗಳ ಅಧ್ಯಯನ ಅದನ್ನು ಹೇಳುವುದಿಲ್ಲ. ಆದರೆ ಅಂಥ ಸಂಶಯ ಹುಟ್ಟುವುದು ಸಹಜ. ಐವತ್ತೈದು ವರ್ಷಗಳಿಂದ ಆ ಜನರಿಗೆ ಯಾರೂ ಸರಿಯಾದ ಉತ್ತರ ಕೊಟ್ಟಿಲ್ಲ. ಬೆಟ್ಟ ಬಿದ್ದದ್ದು ಯಾರ ತಪ್ಪೂ ಅಲ್ಲದಿರಬಹುದು. ಅದು ಬೀಳುವ ದಾರಿಯಲ್ಲಿ ಇನ್ನೂರು ಜನರನ್ನು ನಿಲ್ಲಿಸಿದ್ದು ಮನುಷ್ಯರ ತೀರ್ಮಾನ. ಸಿಡಿಮದ್ದಿನ ವಿರುದ್ಧ ರೈಣಿಯವರು 2019ರಲ್ಲೇ ಹೈಕೋರ್ಟಿಗೆ ಹೋಗಿದ್ದರು. ಪ್ರವಾಹದ ನಂತರ ಮತ್ತೆ ಹೋದಾಗ, 2021ರ ಜುಲೈನಲ್ಲಿ, ಅರ್ಜಿ ವಜಾ ಆಗಿ ಅರ್ಜಿದಾರರಿಗೆ ತಲಾ 10,000 ರೂಪಾಯಿ ದಂಡ ಬಿತ್ತು. ಅದಕ್ಕೆ ಒಂದು ತಿಂಗಳ ಮೊದಲು, ಊರಿನ ಕೆಳಗೆ ರಸ್ತೆ ಕುಸಿದಾಗ, ಗೌರಾದೇವಿಯ ಪ್ರತಿಮೆಯನ್ನೇ ಕಳಚಿ ಜೋಶಿಮಠಕ್ಕೆ ಸಾಗಿಸಿದ್ದರು. ಊರ ಹೆಂಗಸರು ಅಂದು ಅತ್ತರಂತೆ.

ಗೋಡೆಯ ಮೇಲಿನ ತಾರೀಖುಗಳು

ಜೋಶಿಮಠ ಇರುವುದು ಗಟ್ಟಿ ಬಂಡೆಯ ಮೇಲಲ್ಲ. ಯಾವುದೋ ಕಾಲದಲ್ಲಿ ಜಾರಿಬಂದು ನಿಂತ ಮರಳು, ಕಲ್ಲುಗಳ ರಾಶಿಯ ಮೇಲೆ. ಇದು ಹೊಸ ಶೋಧವಲ್ಲ. ಗಢವಾಲದ ಕಮಿಷನರ್ ಮಿಶ್ರಾ ಅವರ ನೇತೃತ್ವದ ಸಮಿತಿ 1976ರಲ್ಲೇ ಇದನ್ನು ಬರೆದು, ಭಾರೀ ಕಟ್ಟಡ ಬೇಡ, ಇಳಿಜಾರಿನ ಬಂಡೆಗಳನ್ನು ಕೀಳಬೇಡಿ, ಸ್ಫೋಟಿಸಬೇಡಿ, ಚರಂಡಿ ಸರಿಮಾಡಿ, ಮರ ನೆಡಿ ಎಂದು ಹೇಳಿತ್ತು. ಆಮೇಲೆ ಅಲ್ಲಿ ಆದದ್ದೆಲ್ಲ ಇದರ ತದ್ವಿರುದ್ಧ. 2023ರ ಜನವರಿಯಲ್ಲಿ ಎಂಟುನೂರಕ್ಕೂ ಹೆಚ್ಚು ಕಟ್ಟಡಗಳು ಬಿರುಕುಬಿಟ್ಟವು. ಹನ್ನೆರಡು ದಿನಗಳಲ್ಲಿ ನೆಲ 5.4 ಸೆಂಟಿಮೀಟರ್ ಕುಸಿದಿದೆ ಎಂಬ ಇಸ್ರೊದ ಉಪಗ್ರಹ ವರದಿ ಪ್ರಕಟವಾಗಿ, ಮರುದಿನದ ಹೊತ್ತಿಗೆ ಜಾಲತಾಣದಿಂದ ಮಾಯವಾಯಿತು. ಸಂಸ್ಥೆಗಳು ಮಾಧ್ಯಮದೊಂದಿಗೆ ಮಾತಾಡಬಾರದು ಎಂಬ ಸೂಚನೆಯೂ ಬಂತು.

ನಾವು ಇಳಿದುಕೊಂಡಿದ್ದ ಮನೆಯ ಯಜಮಾನರು ನಿವೃತ್ತ ಶಿಕ್ಷಕರು. ಅವರ ಅಣ್ಣನ ಮನೆ ಸ್ವಲ್ಪ ಕೆಳಗೆ, ಬಾಗಿಲ ಪಕ್ಕ ಕೆಂಪು ಬಣ್ಣದ ಅಡ್ಡಗುರುತು. ವಾಸಕ್ಕೆ ಯೋಗ್ಯವಲ್ಲ ಎಂದು ಸರ್ಕಾರ ಹಾಕಿದ್ದು. ಅಣ್ಣನ ಕುಟುಂಬ ಬೇರೆ ಕಡೆ ಹೋಗಿದೆ, ಹಸುಗಳನ್ನು ಮಾತ್ರ ಅಲ್ಲೇ ಕಟ್ಟುತ್ತಾರೆ. ಸಂಜೆ ಹುಲ್ಲು ಹಾಕಲು ಹೋಗುವಾಗ ನನ್ನನ್ನೂ ಕರೆದರು. ದೇವರ ಕೋಣೆಯ ಗೋಡೆಯಲ್ಲಿ ನೆಲದಿಂದ ಸೂರಿನವರೆಗೆ ಓರೆಯಾಗಿ ಬಿರುಕು. ಅದರುದ್ದಕ್ಕೂ ಪೆನ್ಸಿಲಿನಿಂದ ಎಳೆದ ಸಣ್ಣ ಸಣ್ಣ ಗೆರೆಗಳು, ಪ್ರತಿ ಗೆರೆಯ ಪಕ್ಕ ತಾರೀಖು. ದುಂಡಾದ, ಶಾಲಾ ಮಾಸ್ತರರ ಅಕ್ಷರ. ಮೊದಲಿನ ತಾರೀಖುಗಳು 2021ರ ಮಳೆಗಾಲದವು. "ಎಲ್ಲರಿಗಿಂತ ಮೊದಲೇ ಕಚೇರಿಗೆ ಬರೆದುಕೊಟ್ಟಿದ್ದೆ ಭಾಯಿಸಾಬ್. ಗೋಡೆ ಹಳೆಯದು, ಗಿಲಾವು ಮಾಡಿಸಿ ಅಂದರು." ಮೊದಲಿನ ಗೆರೆಗಳ ಎರಡು ತುದಿಗಳು ಈಗ ಒಂದಕ್ಕೊಂದು ಕೂಡುತ್ತಿರಲಿಲ್ಲ. ನಾನು ಬೆರಳಿಟ್ಟು ನೋಡಿದೆ, ನಡುವೆ ಹೆಬ್ಬೆರಳು ತೂರುತ್ತಿತ್ತು.

ಅದೇ ಊರಿನ ನರಸಿಂಹ ದೇವಸ್ಥಾನದಲ್ಲಿ, ಚಳಿಗಾಲಕ್ಕೆ ಶಂಕರಾಚಾರ್ಯರ ಗದ್ದುಗೆ ಬಂದು ಇರುವ ಗುಡಿಯಲ್ಲಿ, ದೇವರ ಒಂದು ತೋಳು ವರ್ಷ ವರ್ಷ ಸವೆಯುತ್ತಿದೆ ಎಂಬ ನಂಬಿಕೆ ಇದೆ. ಅದು ಕಳಚಿದ ದಿನ ಜಯ ವಿಜಯ ಪರ್ವತಗಳು ಒಂದಾಗಿ ಬದರಿಯ ದಾರಿ ಮುಚ್ಚುತ್ತದಂತೆ. ಆಗ ಪೂಜೆ ತಪೋವನದ ಮೇಲಿನ ಸುಭಾಯಿಯಲ್ಲಿರುವ ಭವಿಷ್ಯ ಬದರಿಗೆ ಹೋಗುತ್ತದೆ. ಅಮ್ಮ ಕೈಮುಗಿದು ಈ ಕಥೆ ಕೇಳಿದರು. ನಾನೂ ಕೈಮುಗಿದೆ. ಇದನ್ನು ಮೂಢನಂಬಿಕೆ ಎನ್ನಲು ನನಗೆ ಮನಸ್ಸಿಲ್ಲ. ಎರಡು ಬೆಟ್ಟಗಳು ಸೇರಿಬಿಡಬಹುದು, ದೇವರೂ ಜಾಗ ಬಿಡಬೇಕಾಗಬಹುದು ಎಂದು ಬಲ್ಲ ಜನ ಕಟ್ಟಿದ ಕಥೆ ಅದು. ಜಿಲ್ಲೆಯಲ್ಲಿ ಇನ್ನೂ ಹೊಸ ಸುರಂಗ ಕೊರೆಯುವವರಿಗೆ ಅಷ್ಟು ತಿಳಿವಳಿಕೆ ಇದ್ದಿದ್ದರೆ ಸಾಕಿತ್ತು.

ನಂದೆಯನ್ನು ಕಳಿಸಿಕೊಡುವ ದಾರಿ

ಆದರೆ ಚಮೋಲಿ ಎಂದರೆ ಬರಿಯ ಅನಾಹುತವಲ್ಲ. 7,816 ಮೀಟರ್ ಎತ್ತರದ ನಂದಾದೇವಿ ಅಲ್ಲಿನ ಜನರಿಗೆ ಶಿಖರಕ್ಕಿಂತ ಹೆಚ್ಚಾಗಿ ಮಗಳು. ಹನ್ನೆರಡು ವರ್ಷಕ್ಕೊಮ್ಮೆ ನಡೆಯುವ ರಾಜಜಾತ್‌ನಲ್ಲಿ ನೌಟಿ ಹಳ್ಳಿಯಿಂದ ಅವಳನ್ನು ಶಿವನ ಮನೆಗೆ ಕಳಿಸಿಕೊಡುತ್ತಾರೆ. ನಾಲ್ಕು ಕೊಂಬಿನ ಟಗರು ಮುಂದೆ, ಛತ್ರಿಗಳು, ಪಲ್ಲಕ್ಕಿ ಹಿಂದೆ. ಬುಗ್ಯಾಲ್‌ಗಳನ್ನು ದಾಟಿ, ಮನುಷ್ಯರ ಅಸ್ಥಿಗಳು ಚೆಲ್ಲಿರುವ ರೂಪಕುಂಡದ ಪಕ್ಕದಲ್ಲಿ ಹಾದು, ಹೋಮಕುಂಡದವರೆಗೆ ಜನ ನಡೆಯುತ್ತಾರೆ. ಟಗರು ಅಲ್ಲಿಂದ ಒಂಟಿಯಾಗಿ ಹಿಮದ ಕಡೆ ಹೋಗುತ್ತದೆ. ಭಾದ್ರಪದದಲ್ಲಿ ಗೌರಿಯನ್ನು ತವರಿಗೆ ಕರೆದು, ಮಡಿಲು ತುಂಬಿ ಕಳಿಸುವ ನಮ್ಮ ಹೆಂಗಸರಿಗೆ ಆ ಹಾಡುಗಳ ದುಃಖ ಯಾರೂ ವಿವರಿಸದೆ ತಿಳಿಯುತ್ತದೆ. ಗೌರಾದೇವಿ ಕಾಡನ್ನು ತವರು ಎಂದದ್ದು ಇದೇ ಮಣ್ಣಿನಲ್ಲಿ ನಿಂತು.

ಬದರಿಯಲ್ಲಿ ನನಗೆ ಇಷ್ಟವಾದ ಸಂಗತಿಯೂ ಇಂಥದ್ದೇ. ಚಳಿಗಾಲಕ್ಕೆ ಬಾಗಿಲು ಮುಚ್ಚುವ ದಿನ ಮಾಣಾ ಹಳ್ಳಿಯ ಕನ್ಯೆಯರು ನೇಯ್ದ ಉಣ್ಣೆಯ ಕಂಬಳಿಗೆ ತುಪ್ಪ ಸವರಿ ದೇವರಿಗೆ ಹೊದಿಸುತ್ತಾರೆ. ಪೂಜಿಸುವ ರಾವಲರು ಕೇರಳದ ನಂಬೂದಿರಿ, ಕೇದಾರದ ರಾವಲರು ನಮ್ಮ ಕಡೆಯ ವೀರಶೈವ ಜಂಗಮರು. ದಕ್ಷಿಣದವರು ಪೂಜೆ ಮಾಡಿದರೂ ಹೊದಿಕೆ ಆ ಊರಿನ ಹೆಣ್ಣುಮಕ್ಕಳದ್ದು. ಹೂವಿನ ಕಣಿವೆ, ಹೇಮಕುಂಡ, ಔಲಿಗಳ ಬಗ್ಗೆ ನಾನು ಬರೆಯುವುದಿಲ್ಲ, ಅವುಗಳ ಚಿತ್ರ ಎಲ್ಲರೂ ನೋಡಿದ್ದಾರೆ.

ಹೋಗುವವರಿಗೆ

ಮುಂದಿನ ವರ್ಷ ಬದರಿಗೆ ಹೊರಡುವವರಿಗೆ ನನ್ನದೊಂದು ಕೋರಿಕೆ. ಟೂರಿನವರು ಕೊಡುವ ಪಟ್ಟಿಗೆ ಎರಡು ದಿನ ಸೇರಿಸಿಕೊಳ್ಳಿ. ಜುಲೈ, ಆಗಸ್ಟ್ ಬೇಡ. ಚಮೋಲಿ ಪಟ್ಟಣದಿಂದ ಎಡಕ್ಕೆ ಹತ್ತಿ ಗೋಪೇಶ್ವರದಲ್ಲಿ ಉಳಿಯಿರಿ. ಗೋಪೀನಾಥ ದೇವಸ್ಥಾನದ ಅಂಗಳದಲ್ಲಿ ಆಳೆತ್ತರವನ್ನೂ ಮೀರಿದ ಲೋಹದ ತ್ರಿಶೂಲವಿದೆ, ಅದರ ಮೇಲೆ ನೇಪಾಳದ ಕಡೆಯಿಂದ ಬಂದ ಮಲ್ಲ ಅರಸರ ಶಾಸನವಿದೆ. ಅಲ್ಲಿಂದ ಮಂಡಲ್ ಹತ್ತಿರ, ಚೋಪ್ತಾ ರಸ್ತೆಯಲ್ಲೇ ಸಿಗುತ್ತದೆ. ಬಿರಹಿಯಲ್ಲಿ ಚಹಾಕ್ಕೆ ಗಾಡಿ ನಿಲ್ಲಿಸಲು ಹೇಳಿ. ಜೋಶಿಮಠದಲ್ಲಿ ಬೆಳಿಗ್ಗೆ ಬೇಗ ಜೀಪು ಹಿಡಿದರೆ ರೈಣಿ ನೋಡಿಕೊಂಡು ಮಧ್ಯಾಹ್ನದೊಳಗೆ ವಾಪಸ್ಸಾಗಬಹುದು. ಹೋಗುವಾಗ ಒಂದು ಕಿಲೋ ಹುರಿದ ರಾಗಿಹಿಟ್ಟು ತೆಗೆದುಕೊಂಡು ಹೋಗಿ, ಅಲ್ಲಿನ ಯಾವುದಾದರೂ ಮನೆಯಲ್ಲಿ ಕೊಡಿ. ಹುರಿಹಿಟ್ಟು ಮಾಡುವುದು ಹೇಗೆಂದು ರೈಣಿಯಲ್ಲಿ ನಮಗೆ ರೊಟ್ಟಿ ಕೊಟ್ಟ ಆಕೆ ಕೇಳಿದ್ದರು. ಬರೆದು ಕಳಿಸುತ್ತೇನೆ ಎಂದು ಅಮ್ಮ ಮಾತು ಕೊಟ್ಟಿದ್ದಾರೆ. ಹಿಂದಿಯಲ್ಲಿ ಬರೆಯುವ ಕೆಲಸ ನನ್ನದು. ಈ ವಾರ ಅಂಚೆಗೆ ಹಾಕುತ್ತೇನೆ.